ಹೊನ್ನರಸ ರಂಪಣಿಗೆ ಬಿದ್ದದ್ದು

ಮರಳೂರಿನ ಹೊನ್ನರಸನಿಗೆ ಹಾಯಿದೋಣಿಯ ಹುಚ್ಚು ಹಿಡಿದಿತ್ತು. ಬೆಳಗಾದರೆ ಸಾಕು, ಬಿಳಿ ಹಾಯಿ ಬಿಚ್ಚಿ, ದಿಂಬಿಗೊರಗಿ, ಎಲೆಯಡಿಕೆ ಜಗಿಯುತ್ತ ತೇಲಾಡುವುದೇ ಕೆಲಸ. ಹೋಗುವುದೇನು ಬಹಳ ದೂರವಲ್ಲ, ಹೊಟ್ಟೆ ತೊಳೆಸುತ್ತದಲ್ಲ! ದಡದ ಹತ್ತಿರವೇ ದೋಣಿಯ ಮೂತಿಯನ್ನು ಊರ ಕಡೆ ಮಾಡಿ ನಿಲ್ಲಿಸಿ, ಜನ ಕೈಮುಗಿಯುವುದನ್ನು ನೋಡುತ್ತ ಕೂರುತ್ತಿದ್ದ.

ದೋಣಿಗೆ ಸಿಕ್ಕಿದ ಬಲೆಗಳೆಲ್ಲ ಚಿಂದಿ. ಮೀನುಗಾರರು ಗೊಣಗಿದಾಗ ಅರಸ ತುಂಬಿದ ಸಭೆಯಲ್ಲಿ ಗುಡುಗಿದ: "ಕಡಲು ನನ್ನದು! ಬೆಳಗಿನ ಹೊತ್ತು ನನ್ನ ದೋಣಿಯ ಮುಂದೆ ಬಲೆ ಕಂಡರೆ ಕಡಿದು ಹಾಕಿ!"

ಮೀನುಗಾರರ ಗುರಿಕಾರ ಚಿಕ್ಕ ಮರಕಾಲನೂ ಅವನ ಹೆಂಡತಿ ಬಚ್ಚಿಯೂ ಆಸ್ಥಾನದ ವಿದೂಷಕ ಸಂಕಯ್ಯನ ಜಗಲಿಗೆ ಓಡಿ ಬಂದರು.

"ಅಯ್ಯಾ, ಬಂಗುಡೆ ಹಿಂಡು ದಡಕ್ಕೆ ಬರುವುದು ವರ್ಷಕ್ಕೆ ಎಂಟೇ ದಿನ, ಅದೂ ಬೆಳಗಿನ ಹೊತ್ತು" ಎಂದ ಮರಕಾಲ. "ಈಗ ರಂಪಣಿ ಬಲೆ ಬಿಡದಿದ್ದರೆ ಇಡೀ ಕೇರಿಗೆ ಉಪವಾಸವೇ ಗತಿ."

"ಮಧ್ಯಾಹ್ನ ಬರಲಿಕ್ಕೆ ಮೀನಿಗೆ ಹೇಳಿ ಅಂತಾರೆ ನಿಮ್ಮ ಅರಸರು!" ಬಚ್ಚಿ ಸೆರಗು ಬಿಗಿದಳು. "ಮೀನೇನು ನಮ್ಮ ಬೀಗರಾ, ಕರೆದ ಹೊತ್ತಿಗೆ ಬರಲಿಕ್ಕೆ?"

"ಬೀಗರೂ ಕರೆದ ಹೊತ್ತಿಗೆ ಬರುವುದಿಲ್ಲ ಬಚ್ಚಕ್ಕ. ನಾಳೆಗೆ ಬಲೆ ಸಿದ್ಧಮಾಡಿ" ಎಂದ ಸಂಕಯ್ಯ.

ಸಂಕಯ್ಯ ನೆಟ್ಟಗೆ ಅರಮನೆಗೆ ಹೋಗಿ ಕೈಮುಗಿದ. "ಪ್ರಭು, ಒಂದು ಸಂಶಯ. ದೋಣಿಯ ಹಿಂದೆ ಬಲೆ ಬಿಟ್ಟರೆ?"

"ಹಿಂದೆ ಏನು ಬೇಕಾದರೂ ಮಾಡಿಕೊಂಡು ಸಾಯಲಿ! ನನಗೇನು ಬೆನ್ನಲ್ಲಿ ಕಣ್ಣಿದೆಯೇ?"

"ಮತ್ತೆ ಆ ಹಳೆಯ ಕಟ್ಟಳೆ? ರಂಪಣಿಗೆ ಬಿದ್ದ ಅತಿ ದೊಡ್ಡ ಜೀವ ಅರಮನೆಯ ಅಡುಗೆಮನೆಗೆ ಎಂಬುದು?"

ಅರಸನ ಬಾಯಲ್ಲಿ ನೀರೂರಿತು. "ನನ್ನಜ್ಜ ಮಾಡಿದ ಕಟ್ಟಳೆ ಅದು! ಮೀರಿದವರು ಯಾರೇ ಆಗಲಿ, ಇಪ್ಪತ್ತು ಛಡಿಯೇಟು!"

ಮರುದಿನ ಬೆಳಿಗ್ಗೆ ಬಂಗುಡೆ ಬಂತು. ಅರಸನೂ ಬಂದ.

ರಂಪಣಿಯ ರೀತಿಯೇ ಬೇರೆ. ಬಲೆಯ ಒಂದು ತುದಿ ದಡದಲ್ಲೇ ಇರುತ್ತದೆ. ದೋಣಿ ಕಡಲೊಳಗೆ ಅರ್ಧ ಸುತ್ತು ಹೊಡೆದು ಇನ್ನೊಂದು ತುದಿಯನ್ನೂ ದಡಕ್ಕೇ ತರುತ್ತದೆ. ಆಮೇಲೆ ಇಡೀ ಕೇರಿ ಹಗ್ಗ ಹಿಡಿದು ಎಳೆಯಬೇಕು. ಮರಕಾಲ ಅಪ್ಪಣೆ ತಪ್ಪಲಿಲ್ಲ. ಅರಸನ ಬೆನ್ನ ಹಿಂದೆಯೇ ಬಲೆ ಬಿಟ್ಟ. ಬಂಗುಡೆ ಒಳಗೆ, ಅರಸನೂ ಒಳಗೆ!

"ಐಸಾ!" ಎಂದು ಇನ್ನೂರು ಜನ ಎಳೆದರು. ಬಿಳಿ ಹಾಯಿದೋಣಿ ಹಿಂದಿನಿಂದ ಯಾರೋ ನೂಕಿದ ಹಾಗೆ ದಡಕ್ಕೆ ಹೊರಟಿತು. ಅದರ ಸಣಕಲ ಚುಕ್ಕಾಣಿಗ ಬಲೆ ಕಡಿಯಲು ಕತ್ತಿ ಎತ್ತಿದ.

"ಹುಷಾರು!" ದಡದಿಂದ ಸಂಕಯ್ಯ ಕೂಗಿದ. "ಅದು ಹಿಂದಿನ ಬಲೆ! ಮುಂದಿನದನ್ನು ಕಡಿಯಲು ಮಾತ್ರ ಅಪ್ಪಣೆ ಇರುವುದು!"

ಚುಕ್ಕಾಣಿಗ ಕತ್ತಿ ಇಳಿಸಿದ. ದೋಣಿ ಮರಳಿಗೆ ಬಡಿದು ವಾಲಿತು. ಹೊನ್ನರಸ ದೊಪ್ಪನೆ ಮೀನಿನ ರಾಶಿಗೆ ಬಿದ್ದ. ಕಿರೀಟದೊಳಗೆ ಎರಡು ಬಂಗುಡೆ ಪಟಪಟ ಬಡಿದುಕೊಳ್ಳುತ್ತಿದ್ದವು.

ಮರಕಾಲ ರಾಶಿಯನ್ನು ನೋಡಿದ, ಚುಕ್ಕಾಣಿಗನನ್ನು ನೋಡಿದ, ಅರಸನ ಹೊಟ್ಟೆಯನ್ನು ನೋಡಿದ. "ದೊಡ್ಡ ಜೀವ ಇದೇ. ಹೊತ್ತುಕೊಳ್ಳಿ, ಅಡುಗೆಮನೆಗೆ!"

"ಲೋ! ನಾನು ಮೀನಲ್ಲವೋ!"

"ಕಟ್ಟಳೆಯಲ್ಲಿ ಮೀನು ಎಂದಿಲ್ಲ ಪ್ರಭು, ಜೀವ ಎಂದಿದೆ" ಎಂದ ಸಂಕಯ್ಯ. "ಮೀರಿದರೆ ತಮಗೇ ಇಪ್ಪತ್ತು ಛಡಿಯೇಟು."

ಎಂಟು ಜನ ಅರಸನನ್ನು ಒಂದು ತುಂಡು ಬಲೆಯಲ್ಲಿ ಸುತ್ತಿ ಹೊತ್ತು ನಡೆದರು. ಬಾಗಿಲಿಗೆ ಬಂದ ಬಾಣಸಿಗ ಮುದ್ದಣ್ಣ ಬಲೆಯೊಳಗೆ ಇಣುಕಿ, ಸೌಟು ಹಿಡಿದೇ ನಡುಬಗ್ಗಿಸಿದ.

"ಪ್ರಭು... ಹುರಿಯಲೋ, ಸಾರು ಮಾಡಲೋ?"

"ಬಿಡಿಸೋ ಸಂಕಯ್ಯ, ನಿನ್ನ ದಮ್ಮಯ್ಯ!"

"ಬಂಗುಡೆ ಬಂದ ಬೆಳಿಗ್ಗೆ ಹಾಯಿದೋಣಿ ನೀರಿಗಿಳಿಯಬಾರದು ಎಂದು ಹೊಸ ಕಟ್ಟಳೆ ಮಾಡಿದರೆ ತಾವು ಬಲೆಗೆ ಬಿದ್ದದ್ದೇ ಲೆಕ್ಕಕ್ಕಿಲ್ಲ, ಹಳೆಯದು ತಾನಾಗಿ ಸಡಿಲವಾಗುತ್ತದೆ."

"ಮಾಡಿದೆ! ಈಗಲೇ ಮಾಡಿದೆ!"

ಬಲೆಯಿಂದ ಹೊರಬಂದ ಅರಸ ಮೀಸೆಗೆ ಅಂಟಿದ ಮೀನಿನ ಪೊರೆ ಕೀಳುತ್ತ ಗುರ್ರೆಂದ. "ಅದು ಹಾಗಿರಲಿ. ಇಷ್ಟೊಂದು ಮೀನು ಬಂತಲ್ಲ, ನನ್ನ ಪಾಲೆಲ್ಲಿ?"

"ಹಗ್ಗ ಹಿಡಿದವರಿಗೆಲ್ಲ ಪಾಲುಂಟು ಪ್ರಭು" ಎಂದ ಸಂಕಯ್ಯ. "ಬಲೆಯೊಳಗಿದ್ದವರಿಗೆ ಪಾಲು ಕೊಡುವ ಪದ್ಧತಿ ಇಲ್ಲ. ಅವರೇ ಪಾಲು!"

ಹೊನ್ನರಸ ಒಂದು ಗಳಿಗೆ ಕಣ್ಣು ಕೆಕ್ಕರಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊರಳಿನ ಸರ ತೆಗೆದು ಸಂಕಯ್ಯನಿಗೆ ಹಾಕಿದ.

ಮರುದಿನ ಬೆಳಿಗ್ಗೆ ಅರಸ ಕಚ್ಚೆ ಕಟ್ಟಿ ಹಗ್ಗ ಎಳೆದ. ಪಾಲಿಗೆ ಆರು ಬಂಗುಡೆ ಬಂದವು. ಬಿಳಿ ಹಾಯಿಯನ್ನು ಬಚ್ಚಿ ಮರಳಿನ ಮೇಲೆ ಹಾಸಿ ಮೀನು ಒಣಗಿಸಿದಳು.