ಎಂಜಲುಗುಡ್ಡಕ್ಕೆ ಆ ಹೆಸರು ಬಂದದ್ದು

ಕೆಂಚಿಹಾಳದಲ್ಲಿ ಬಸ್ಸಿಳಿದು ಮೂಡಲಿಗೆ ಮುಖ ಮಾಡಿದರೆ ಮೊದಲು ಕಾಣುವುದು ಕೆರೆ, ಅದರ ಬೆನ್ನಿಗೆ ಗುಡ್ಡ. ಯಾರೋ ಹೊತ್ತು ತಂದು ಸುರುವಿ ಹೋದ ಹಾಗೆ ಬಂಡೆಯ ಮೇಲೆ ಬಂಡೆ ಬಿದ್ದಿರುವ ಈ ಗುಡ್ಡದಲ್ಲಿ ಗುಡಿಯಿಲ್ಲ, ಕೋಟೆಯಿಲ್ಲ, ಜಾಲಿಕಂಟಿ ಬಿಟ್ಟರೆ ಹಸಿರೂ ಇಲ್ಲ. ಹೆಸರು ಎಂಜಲುಗುಡ್ಡ. ಹೊರಗಿನವರು ಹೆಸರು ಕೇಳಿದೊಡನೆ ಮೂಗು ಮುರಿಯುತ್ತಾರೆ. ಈಚೆಗೆ ಒಬ್ಬ ಅಧಿಕಾರಿ ಬಂದು, ಇಷ್ಟು ಹೊಲಸು ಹೆಸರೇಕೆ, ಅಮೃತಗಿರಿ ಎಂದು ಬೋರ್ಡು ಹಾಕೋಣ ಎಂದರು. ಊರಿನ ಹೆಂಗಸರು ಅವರಿಗೆ ಚಹಾ ಕುಡಿಸಿ, ಬೋರ್ಡನ್ನು ಅವರ ಜೀಪಿನಲ್ಲೇ ಹಾಕಿ ಕಳಿಸಿದರು. ಈ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನು ಅಂದು ಸಿಟ್ಟಿನಲ್ಲಿ ಹೇಳಲಾರದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಸುಗ್ಗಿ ಮುಗಿದು ಜೋಳ ನೆಲದೊಳಗಿನ ಹಗೇವು ಸೇರಿದ ದಿನಗಳಲ್ಲಿ, ಈ ಸೀಮೆಯ ಮೇಲೆ ಕುದುರೆ ದಂಡು ಬಿತ್ತು. ಯಾವ ಅರಸನ ದಂಡು ಎಂದು ಕೇಳಬೇಡಿ. ಮನೆ ಸುಟ್ಟುಹೋದವರಿಗೆ ಬೆಂಕಿ ನೆನಪಿರುತ್ತದೆ, ಕೊಳ್ಳಿ ಹಿಡಿದವನ ವಂಶಾವಳಿ ಅಲ್ಲ. ಪಕ್ಕದ ಎರಡು ಊರು ಉರಿಯುವುದು ಕಂಡಾಗ ತಳವಾರ ಭರಮಪ್ಪ ಊರವರನ್ನೆಲ್ಲ ಗುಡ್ಡಕ್ಕೆ ಹತ್ತಿಸಿದನು. ಅವರು ಹತ್ತಿ ಮುಗಿಯುವ ತನಕ ದಂಡನ್ನು ಊರಿನ ಅಗಸೆಬಾಗಿಲಲ್ಲಿ ತಡೆಯಲು ಹನ್ನೆರಡು ಗಂಡಸರು ಉಳಿದರು. ಸಂಕವ್ವನೆಂಬ ಮುದುಕಿಯ ಒಬ್ಬನೇ ಮಗ, ಹುಲಿಗೆವ್ವನ ಗಂಡ ಮಾರೆಪ್ಪನೂ ಅವರಲ್ಲಿದ್ದನು. ಗುಡ್ಡದ ನೆತ್ತಿಯ ಬಂಡೆಗಳ ಕೆಳಗೆ ದೊಡ್ಡ ಗವಿಯಿದೆ. ಹೊಟ್ಟೆಯ ಮೇಲೆ ತೆವಳಿದರೆ ಮಾತ್ರ ಒಳಗೆ ಹೋಗಬಹುದು. ಮುನ್ನೂರು ಜನ ಅದರೊಳಗೆ ಸೇರುವಷ್ಟರಲ್ಲಿ ಊರಿನಿಂದ ಹೊಗೆ ಎದ್ದಿತ್ತು. ಅಗಸೆಯಿಂದ ಒಬ್ಬನೂ ಬರಲಿಲ್ಲ. ದಂಡು ಕೆರೆಯ ದಂಡೆಗೇ ಡೇರೆ ಹೊಡೆಯಿತು. "ಉಸಿರು ಬಿಟ್ರೂ ಸದ್ದಾಗದಂಗ ಬಿಡ್ರಿ" ಎಂದನು ಭರಮಪ್ಪ. ಹನ್ನೆರಡು ಮನೆಯ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತರು.

ಅವರು ಹೊತ್ತು ತಂದದ್ದು ಜೋಳ. ಹಿಟ್ಟು ಕೂಡಿಡುವ ರೂಢಿ ಆಗ ನಮ್ಮ ಕಡೆ ಇರಲಿಲ್ಲ. ನಸುಕಿನಲ್ಲಿ ಬೀಸಿದ್ದು ಆ ದಿನಕ್ಕೆ. ಒಲೆ ಹೊತ್ತಿಸಿದರೆ ಹೊಗೆ ಕಾಣುತ್ತದೆ. ಬಂಡೆಯ ದೊಣೆಗೆ ಜಿನುಗುವ ನೀರು ದಿನಕ್ಕೆ ತಲೆಗೆ ನಾಲ್ಕು ಗುಟುಕು, ಕಾಳು ನೆನೆಸಲು ಸಾಲದು. ಹಲ್ಲಿದ್ದವರು ಹಸಿ ಜೋಳ ಅಗಿದರು. ಹಲ್ಲಿಲ್ಲದ ಮುದುಕರು ಕಾಳನ್ನು ಬಾಯಲ್ಲಿ ಹೊರಳಾಡಿಸಿ ಉಗುಳಿದರು. ಸಂಕವ್ವ ಅದನ್ನೂ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮೂರನೆಯ ನಸುಕಿನಲ್ಲಿ ಹುಲಿಗೆವ್ವನ ಕೈ ತಡೆಯಲಿಲ್ಲ. ಬುದ್ಧಿ ಬಂದಾಗಿನಿಂದ ನಸುಕಾದರೆ ಬೀಸಿದ ಕೈ ಅದು. ತಗ್ಗಿದ್ದ ಕಲ್ಲಿನಲ್ಲಿ ಅತ್ತೆಗೆಂದು ಒಂದು ಹಿಡಿ ಜೋಳ ಹಾಕಿ, ಮೇಲೊಂದು ಗುಂಡುಕಲ್ಲಿಟ್ಟು ತಿರುವಿದಳು. ನಾಲ್ಕೇ ಸುತ್ತು. ಭರಮಪ್ಪ ಬಂದು ಅವಳ ರಟ್ಟೆ ಹಿಡಿಯುವಷ್ಟರಲ್ಲಿ, ಕೆಳಗೆ ಕುದುರೆಗೆ ನೀರು ಕುಡಿಸುತ್ತಿದ್ದವನೊಬ್ಬ ತಲೆ ಎತ್ತಿದ್ದನು. ಬೀಸುವ ಸದ್ದು ಬಂದ ಕಡೆ ಹೆಂಗಸರಿದ್ದಾರೆ, ಹೆಂಗಸರಿದ್ದ ಕಡೆ ಊರಿದೆ ಎಂದು ಯಾವ ದಂಡಿನವನಿಗೂ ಗೊತ್ತು. ಆರು ಜನ ಹತ್ತಿ ಬಂದರು. ಗವಿಯೊಳಗಿನವರಿಗೆ ಮೊದಲು ಅವರ ಕಾಲಿನ ಕೆರಗಳ ಸದ್ದು, ಆಮೇಲೆ ಅವರ ಏದುಸಿರು ಕೇಳಿಸಿತು. ಒಬ್ಬನು ಇವರ ತಲೆಯ ಮೇಲಿನ ಬಂಡೆಯನ್ನೇ ಭರ್ಚಿಯ ಹಿಡಿಯಿಂದ ಕುಟ್ಟಿದನು. ತಾಯಂದಿರು ಕೂಸುಗಳನ್ನು ಮೊಲೆಗೆ ಒತ್ತಿ ಹಿಡಿದರು. ಹುಲಿಗೆವ್ವ ತಪ್ಪು ಮಾಡಿದ ಆ ಕೈಯನ್ನು ರಕ್ತ ಬರುವಂತೆ ಕಚ್ಚಿಕೊಂಡಿದ್ದಳು. ಬಿಸಿಲೇರಿ ಕಲ್ಲು ಕಾದ ಮೇಲೆ ಅವರು ಬೈದುಕೊಳ್ಳುತ್ತ ಇಳಿದರು. ಆ ಸಂದಿಯಲ್ಲಿ ಮನುಷ್ಯರು ನುಸುಳಬಹುದೆಂದು ಅವರಿಗೆ ಹೊಳೆಯಲಿಲ್ಲ. ಆದರೆ ಇಬ್ಬರನ್ನು ಗುಡ್ಡದ ನಡುವೆ ಕಾವಲಿಗೆ ಬಿಟ್ಟುಹೋದರು.

ಇನ್ನು ಕಲ್ಲಿಗೆ ಕಲ್ಲು ತಾಗಕೂಡದೆಂದು ಕಟ್ಟಳೆಯಾಯಿತು. ಆ ಸಂಜೆ ಹುಲಿಗೆವ್ವ ಒಂದು ಹಿಡಿ ಜೋಳವನ್ನು ಬಾಯಿಗೆ ಹಾಕಿಕೊಂಡು, ಹಿಟ್ಟಿನ ಹಾಗೆ ಆಗುವ ತನಕ ಅಗಿದು, ಅಂಗೈಗೆ ಉಗುಳಿ ಅತ್ತೆಯ ಬಾಯಿಯ ಹತ್ತಿರ ಹಿಡಿದಳು. ಅತ್ತೆಯ ಎಂಜಲನ್ನು ಸೊಸೆ ತಿಂದದ್ದುಂಟು. ಸೊಸೆಯದನ್ನು ಅತ್ತೆ ತಿಂದದ್ದು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅದರಲ್ಲೂ ಸಂಕವ್ವ ಏಳು ವರ್ಷದಿಂದ ಸೊಸೆ ತಂದ ನೀರಿಗೂ ಕೊಂಕು ತೆಗೆದವಳು. "ನಿನ್ನ ಎಂಜಲಾ ತಿಂದು ಬದುಕಲೇನ? ನನ್ನ ಮಗನ ಹಿಂದ ಹೋಗ್ತೀನಿ, ಬಿಡು" ಎಂದು ಪಿಸುಗುಟ್ಟಿದಳು. ಹುಲಿಗೆವ್ವ ಕೈ ಹಿಂದಕ್ಕೆ ತೆಗೆಯಲಿಲ್ಲ. "ನಿಮ್ಮ ಮಗನಿಗೆ ಅಳೂದನ್ನ ಹೆಂಗೋ ನುಂಗೀನಿ, ಅತ್ತಿ. ನೀವೂ ಹೋದ್ರ ನುಂಗಾಕ ನನ್ನ ಕೈಲಿ ಆಗಂಗಿಲ್ಲ. ಬಾಯಿಬಿಟ್ಟು ಅಳ್ತೀನಿ. ಇಷ್ಟೂ ಮಂದಿ ಸಾಯ್ತಾರ" ಎಂದಳು. ಸಂಕವ್ವ ಗೋಡೆಯಿಂದ ತಿರುಗಿ, ಒತ್ತೊತ್ತಾಗಿ ಕುಳಿತಿದ್ದ ಆ ಮಂದಿಯನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಬಾಯಿ ತೆರೆದಳು.

ಅದನ್ನು ಕಂಡು ಉಳಿದ ಮನೆಗಳವರೂ ಅಗಿಯತೊಡಗಿದರು. ಯಾರ ಬಾಯಿ, ಯಾರ ಕುಲ ಎಂದು ಅಲ್ಲಿ ಯಾರೂ ಕೇಳಲಿಲ್ಲ ಎನ್ನುತ್ತಾರೆ. ಕೇಳಿದವರೂ ಇದ್ದರೆಂದು ನನ್ನ ಗುಮಾನಿ. ಹಸಿವು ಎರಡು ದಿನದಲ್ಲಿ ಅವರ ಪ್ರಶ್ನೆಯನ್ನು ಮರೆಸಿರಬೇಕು. ನೋಡಿಕೊಳ್ಳುವವರಿಲ್ಲದ ಐದಾರು ಮುದುಕರಿಗೂ ಹುಲಿಗೆವ್ವನೇ ಅಗಿದು ಕೊಟ್ಟಳು. ಒಂಬತ್ತನೆಯ ದಿನ ದಂಡು ಎದ್ದುಹೋಯಿತು. ಇಳಿದು ಬಂದವರು ಅಗಸೆಯಲ್ಲಿ ಉಳಿದದ್ದನ್ನು ಕಂಡು ಒಂಬತ್ತು ದಿನದ ಅಳುವನ್ನು ಒಮ್ಮೆಗೇ ಅತ್ತರು. ಆ ಸದ್ದು ಮೂರು ಊರಿಗೆ ಕೇಳಿಸಿತಂತೆ. ಹುಲಿಗೆವ್ವನಿಗೆ ಮಾತ್ರ ಗಂಡನ ಮುಂದೆ ಕುಳಿತು ಅಳಲಾಗಲಿಲ್ಲ. ಹಸಿ ಜೋಳ ಅಗಿದು ಅಗಿದು ಹಲ್ಲು ಸಡಿಲಿ, ದವಡೆ ಬಾತು, ಬಾಯಿ ತೆರೆಯುವಂತಿರಲಿಲ್ಲ. ಸಂಕವ್ವ ಒಂದು ತಿಂಗಳು ಸುಟ್ಟ ಮನೆಯ ಕಟ್ಟೆಯ ಮೇಲೆ, ಎಲ್ಲರ ಕಣ್ಣೆದುರಿಗೇ, ಗಂಜಿಯನ್ನು ತಾನು ತುಟಿಗಿಟ್ಟು ಬಿಸಿ ನೋಡಿ ಸೊಸೆಯ ಬಾಯಿಗೆ ಹನಿಹನಿಯಾಗಿ ಬಿಟ್ಟಳು.

ಗವಿಯ ಮುಂದೆ ಈಗಲೂ ಒಂದು ಕಲ್ಲು ನಿಂತಿದೆ. ವೀರಗಲ್ಲೆಂದು ಹುಡುಕಿಕೊಂಡು ಬಂದವರು ಅದರಲ್ಲಿ ಕುದುರೆ, ಕತ್ತಿ ಕಾಣದೆ ಪೆಚ್ಚಾಗುತ್ತಾರೆ. ಇಬ್ಬರು ಹೆಂಗಸರು, ಒಬ್ಬಳ ಕೈ ಇನ್ನೊಬ್ಬಳ ಬಾಯಿಯ ಹತ್ತಿರ, ಅಷ್ಟೇ. ಮುಖಗಳು ಸವೆದಿರುವುದರಿಂದ ಅತ್ತೆ ಯಾರು, ಸೊಸೆ ಯಾರು ಎಂದು ಹೇಳುವಂತಿಲ್ಲ. ವರ್ಷಕ್ಕೊಂದು ದಿನ ಊರಿನಲ್ಲಿ ಒಲೆ ಹೊತ್ತುವುದಿಲ್ಲ, ಹಿಟ್ಟಿನ ಗಿರಣಿ ತಿರುಗುವುದಿಲ್ಲ. ಎಲ್ಲರೂ ಗುಡ್ಡ ಹತ್ತಿ, ಹಲ್ಲಿರುವವರು ಹಸಿ ಜೋಳ ಅಗಿದು ಹಲ್ಲಿಲ್ಲದವರಿಗೆ ಕೊಡುತ್ತಾರೆ. ಮಾತಾಡುವುದಿಲ್ಲ. ನೋಡಲು ಬಂದವರು ಮುಖ ತಿರುಗಿಸುವುದುಂಟು. ಹೋದ ವರ್ಷ ಮೊದಲ ಸಲ ನಾನು ಹಲ್ಲಿಲ್ಲದವರ ಸಾಲಿನಲ್ಲಿ ಕುಳಿತೆ. ನನ್ನ ಸೊಸೆ ಅಂಗೈ ಚಾಚಿದಾಗ ಒಂದು ಗಳಿಗೆ ನನಗೂ ಹೇಸಿಗೆಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಬಾಯಿ ತೆರೆದೆ.