ಬರಮಪ್ಪನ ಬಲಗೈ

ಶಿಷ್ಯ ಕೇಳಿದ: "ಗುರುಗಳೇ, ವರದಿ ಬರೆಯುವವರು ಪ್ರಾಮಾಣಿಕರಾಗಿದ್ದರೆ ಸಾಲದೇ? ಆಡಳಿತ ಮಂಡಳಿಯಲ್ಲಿ ಬೇರೆ ಬೇರೆ ಬಗೆಯ ಜನ ಏಕಿರಬೇಕು?"

ಗುರು ಹೇಳಿದರು:

ಒಂದು ಹೊಳೆಯ ದಂಡೆಯಲ್ಲಿ ಐವರು ದೋಣಿ ಮಾಲೀಕರು ಸೇರಿ ಒಂದು ಸಂಘ ನಡೆಸುತ್ತಿದ್ದರು. ಐವರೂ ಒಂದೇ ಕೇರಿಯವರು, ಒಟ್ಟಿಗೆ ಬೆಳೆದವರು, ಒಳ್ಳೆಯವರು. ಪ್ರತಿ ಯುಗಾದಿಗೆ ಸಂಘದ ವರದಿ ಬರೆದು, ದಂಡೆಯಲ್ಲಿ ಊರಿನವರ ಮುಂದೆ ಓದುತ್ತಿದ್ದರು.

ಒಂದು ವರ್ಷ ಅವರಲ್ಲೊಬ್ಬ ತೀರಿಕೊಂಡ. ದೋಣಿಯೂ ಸಂಘದಲ್ಲಿನ ಸ್ಥಾನವೂ ಅವನ ಹೆಂಡತಿ ಹೊನ್ನವ್ವನಿಗೆ ಬಂದವು. ಹುಟ್ಟು ಹಾಕುವ ಆಳುಗಳಿಗೆ ಹದಿನೆಂಟು ವರ್ಷ ಗಂಜಿ ಬಡಿಸಿದವಳು ಅವಳು.

ಆ ಸಲ ಹಿರಿಯ ಮಾಲೀಕ ಬರೆದದ್ದನ್ನು ಮೊದಲು ಸಂಘದವರಿಗೆ ಓದಿದ. "ಒಂದು ದೋಣಿಯೂ ಮುರಿದಿಲ್ಲ. ಒಬ್ಬ ಪ್ರಯಾಣಿಕನಿಗೂ ತೊಂದರೆಯಾಗಿಲ್ಲ. ಎಲ್ಲವೂ ಕ್ಷೇಮ."

ಹೊನ್ನವ್ವ ಮೆಲ್ಲಗೆ ಕೇಳಿದಳು: "ನಮ್ಮ ಆಳು ಬರಮಪ್ಪನ ಕೈ ವಿಷಯ ಬರೆಯಲಿಲ್ಲವಾ, ಅಣ್ಣ?"

"ಯಾವ ಕೈ?"

"ನೆರೆ ಬಂದಾಗ ಹಳೆಯ ಹಗ್ಗಕ್ಕೆ ಸಿಕ್ಕಿ ಬಲಗೈಯ ಮೂರು ಬೆರಳು ಹೋದವು. ಈಗ ಎಡಗೈಯಲ್ಲಿ ಗಂಜಿ ಕುಡಿಯುತ್ತಾನೆ. ಅರ್ಧ ಚೆಲ್ಲುತ್ತದೆ."

ಹಿರಿಯನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬರಮಪ್ಪ ಕೆಲಸ ಬಿಟ್ಟ ಎಂದಷ್ಟೇ ತಿಳಿದಿದ್ದ.

ಇನ್ನೊಬ್ಬ ಮಾಲೀಕ ಅಂದ: "ಪಾಪ, ಆಗಬಾರದಿತ್ತು. ಆದರೆ ಇದನ್ನು ಎಲ್ಲರೆದುರು ಓದಿದರೆ ನಮ್ಮ ದೋಣಿ ಹತ್ತುವವರು ಯಾರು?"

"ನೀವು ಎಲ್ಲವೂ ಕ್ಷೇಮ ಅಂತ ಓದುವಾಗ ಅವನೂ ಅಲ್ಲೇ ಕೂತು ಕೇಳುತ್ತಿರುತ್ತಾನಲ್ಲ" ಅಂದಳು ಹೊನ್ನವ್ವ.

ಹಿರಿಯ ಕೊನೆಯ ಸಾಲು ಹೊಡೆದುಹಾಕಿದ. ಬರಮಪ್ಪನ ಹೆಸರನ್ನೂ ಹಗ್ಗದ ಸಂಗತಿಯನ್ನೂ ತಾನೇ ಬರೆದ. ಯುಗಾದಿಯ ದಿನ ಅದನ್ನು ಎಲ್ಲರೆದುರು ಓದಿದ. ಜನರ ನಡುವೆ ಕೂತಿದ್ದ ಬರಮಪ್ಪ ತನ್ನ ಹೆಸರು ಕೇಳಿ ತಲೆ ತಗ್ಗಿಸಿದ. ಪಕ್ಕದವನು ಅವನ ಹೆಗಲ ಮೇಲೆ ಕೈಯಿಟ್ಟ.

ಆ ವರ್ಷ ಕೆಲವರು ಹೆದರಿ, ಹೊಳೆ ದಾಟಲು ಮೇಲಿನ ಕಡವಿಗೆ ಹೋದದ್ದು ನಿಜ. ಆದರೆ ಹಗ್ಗಗಳೆಲ್ಲ ಹೊಸದಾದವು. ದಡದಲ್ಲಿ ಕೂತು ಜನರನ್ನು ದೋಣಿಗೆ ಕಳಿಸುವ ಕೆಲಸ ಬರಮಪ್ಪನದಾಯಿತು. ಮರುವರ್ಷ ವರದಿ ಬರೆಯುವ ಹೊತ್ತಿಗೆ ಆಳುಗಳು ತಮಗಾದದ್ದನ್ನು ಹೇಳಲು ಒಬ್ಬೊಬ್ಬರಾಗಿ ಬಂದು ಸಂಘದವರ ಮುಂದೆ ಕೂತರು.

ಶಿಷ್ಯ ಕೇಳಿದ: "ಹಾಗಾದರೆ ಮೊದಲು ವರದಿ ಬರೆದ ಆ ಐವರೂ ಸುಳ್ಳು ಹೇಳುತ್ತಿದ್ದರೇ?"

ಗುರು ಅವನ ತಲೆ ನೇವರಿಸಿದರು. "ಇಲ್ಲ ಮಗು, ಅವರು ಐವರಿದ್ದರೂ ನೋಡುತ್ತಿದ್ದದ್ದು ಒಂದೇ ಜೊತೆ ಕಣ್ಣು."