ಸಿಯಾಸಿಯ ಒಂಟಿ ಕೈಗವಸು

ಕೇಳ್ರೋ ಮಕ್ಕಳಾ, ಕಾಲು ಮಡಚಿ ಕೂತ್ಕೊಳ್ಳಿ. ನಡುವೆ ಬಾಯಿ ಹಾಕಿದ್ರೆ ಕಥೆ ಮತ್ತೆ ಮೊದಲಿಂದ!

ದೂರದ ಹಿಮದೂರು. ಅಲ್ಲಿ ಇನ್ಯೂಟ್ ಜನ. ಅವರಲ್ಲಿ ಸಿಯಾಸಿ ಅಂತ ಒಬ್ಬಳು ಪುಟ್ಟಿ. ಗಾಳಿ ಬಂತು, ಸುಯ್ಯ್! ಒಂದು ಕೈಗವಸು ಹಾರೇ ಹೋಯ್ತು.

"ಬರಿಗೈಲಿ ಬಂದ್ರೆ ಬೆರಳು ಮರಗಟ್ಟತ್ತೆ. ಮೀನು ಹಿಡಿಯೋಕೆ ನೀನು ಬರೋದು ಬೇಡ" ಅಂದ ಅಪ್ಪ. ಸಿಯಾಸಿಗೆ ಅಳು ಬಂತು ಪಾಪ.

ಅಜ್ಜಿ ಹತ್ರ ಓಡಿದ್ಳು.

"ಅಜ್ಜೀ ಅಜ್ಜೀ, ಗವಸು ಹೊಲಿ. ಗವಸು ನನ್ನ ಕೈಗೆ!"

"ಕಡಲಲ್ಲಿರೋ ಸೀಲ್ ಪ್ರಾಣಿ ಚರ್ಮ ಇಲ್ವಲ್ಲೇ! ಏನು, ನನ್ನ ಚರ್ಮ ಸುಲಿದು ಹೊಲೀಲಾ? ಬೇಟೆ ಮಾವನ್ನ ಕೇಳು."

ಮಾವನ ಹತ್ರ ಓಡಿದ್ಳು.

"ಮಾವಾ ಮಾವಾ, ಚರ್ಮ ಕೊಡು. ಚರ್ಮ ಅಜ್ಜಿಗೆ, ಅಜ್ಜಿ ಹೊಲೀತಾಳೆ, ಗವಸು ನನ್ನ ಕೈಗೆ!"

"ಬೇಟೆಗೆ ಹೋಗೋಕೆ ಬಂಡಿ ಬೇಡ್ವಾ? ನಾಯಿ ಎಳೆಯೋ ಬಂಡಿ ಮುರಿದು ಬಿದ್ದಿದೆ. ಬಂಡಿ ತಾತನ್ನ ಕೇಳು."

ತಾತನ ಹತ್ರ ಓಡಿದ್ಳು.

"ತಾತಾ ತಾತಾ, ಬಂಡಿ ಕಟ್ಟು. ಬಂಡಿ ಮಾವನಿಗೆ, ಮಾವ ತರ್ತಾನೆ, ಚರ್ಮ ಅಜ್ಜಿಗೆ, ಅಜ್ಜಿ ಹೊಲೀತಾಳೆ, ಗವಸು ನನ್ನ ಕೈಗೆ!"

"ನಮ್ಮ ಬಂಡಿಗೆ ಮೊಳೆ ಹೊಡೆಯಲ್ಲ ಕಣೇ. ಹಗ್ಗದಲ್ಲಿ ಬಿಗೀಬೇಕು. ಅದಕ್ಕೆ ನಾಲ್ಕು ಕೈ ಬೇಕು, ನನಗಿರೋದು ಎರಡೇ! ಕೆಲಸಕ್ಕೆ ಜನ ಬೇಕು ಅಂತ ವೆಬ್‌ಸೈಟಲ್ಲಿ ಹಾಕಿಸಿದೆ. ಒಂದು ನರಪಿಳ್ಳೆನೂ ಬರಲಿಲ್ಲ. ಅಲಾಸಿ ಅಕ್ಕನ್ನ ಕೇಳು."

ವೆಬ್‌ಸೈಟ್ ಅಂದ್ರೆ ಕಂಪ್ಯೂಟರಿನೊಳಗಿನ ಸಂತೆ. ಯಾರ ಹತ್ರ ಏನಿದೆ, ಯಾರಿಗೆ ಏನು ಬೇಕು, ಎಲ್ಲ ಅಲ್ಲಿ ಬರೆದಿರತ್ತೆ. ಆ ಸಂತೆ ಕಟ್ಟಿದವಳೇ ಅಲಾಸಿ ಅಕ್ಕ.

ಅಕ್ಕನ ಹತ್ರ ಓಡಿದ್ಳು.

"ಅಕ್ಕಾ ಅಕ್ಕಾ, ಜನ ಕಳಿಸು. ಜನ ತಾತನಿಗೆ, ತಾತ ಕಟ್ತಾನೆ, ಬಂಡಿ ಮಾವನಿಗೆ, ಮಾವ ತರ್ತಾನೆ, ಚರ್ಮ ಅಜ್ಜಿಗೆ, ಅಜ್ಜಿ ಹೊಲೀತಾಳೆ, ಗವಸು ನನ್ನ ಕೈಗೆ!"

ಅಕ್ಕನ ಮುಖ ಸಪ್ಪಗಾಯ್ತು.

"ಬರೀ ಇಂಗ್ಲಿಷಲ್ಲಿ ಬರ್ದಿದೀನಿ ಪುಟ್ಟಿ. ಊರಲ್ಲಿ ಎಷ್ಟೋ ಜನಕ್ಕೆ ಅದು ಬರಲ್ಲ. ಪಕ್ಕದಲ್ಲೇ ನಮ್ಮ ಮಾತಲ್ಲೂ ಬರೀಬೇಕು. ಪಟ್ಟಣಕ್ಕೆ ಓದೋಕೆ ಹೋಗಿ ನಮ್ಮ ಮಾತೇ ಮರ್ತೆ. ಕೇಳಿದ್ರೆ ದೊಡ್ಡವರು ನಗ್ತಾರೆ."

"ನನ್ನ ಕೇಳಕ್ಕ. ನಾನು ನಗಲ್ಲ."

ಹಗ್ಗಕ್ಕೆ ಏನಂತಾರೆ? ಬಂಡಿಗೆ ಏನಂತಾರೆ? ಅಕ್ಕ ಕೇಳಿದ್ಳು, ಸಿಯಾಸಿ ಹೇಳಿದ್ಳು. ನಗಲಿಲ್ಲ. ಒಂದ್ಸಲ ನಕ್ಳು, ನಾನ್ಯಾಕೆ ಸುಳ್ಳು ಹೇಳ್ಲಿ? ಅಕ್ಕನೂ ನಕ್ಳು.

ವೆಬ್‌ಸೈಟಲ್ಲಿ ಎರಡು ಮಾತೂ ಅಕ್ಕಪಕ್ಕ ಕೂತ್ವು. ಕೆಲಸ ಇಲ್ಲದೆ ಕೂತಿದ್ದ ಮೀಕಾ ಚಿಕ್ಕಮ್ಮ ಓದಿದ್ಳು. ಅವಳ ತೋಳು ನೋಡ್ಬೇಕು, ಒನಕೆ! "ಅಯ್ಯೋ, ಇದು ನನ್ನ ಕೆಲಸ!" ಅಂತ ಎದ್ದು ಓಡಿದ್ಳು.

ಚಿಕ್ಕಮ್ಮ ಎಳೆದ್ಳು, ಹಗ್ಗ ಬಿಗೀತು. ತಾತ ಕಟ್ಟಿದ, ಬಂಡಿ ಮಾವನಿಗೆ. ಮಾವ ತಂದ, ಚರ್ಮ ಅಜ್ಜಿಗೆ. ಅಜ್ಜಿ ಹೊಲಿದ್ಳು, ಗವಸು ಸಿಯಾಸಿ ಕೈಗೆ!

ಅಜ್ಜಿ ಎರಡು ಗವಸಿಗೂ ದಾರ ಕಟ್ಟಿ ಕುತ್ತಿಗೆಗೆ ಹಾಕಿದ್ಳು. "ಈಗ ಹಾರಿಸಲಿ ನೋಡೋಣ ಆ ಗಾಳಿ!"

ಸಿಯಾಸಿ ಅಪ್ಪನ ಜೊತೆ ಹೋದ್ಳು. ಮೊದಲನೇ ಮೀನು ಹಿಡಿದ್ಳು. ಮೊದಲು ಹಿಡಿದಿದ್ದನ್ನ ಇನ್ನೊಬ್ಬರಿಗೆ ಕೊಡೋದು ಅವರ ಪದ್ಧತಿ. ಸಿಯಾಸಿ ಅದನ್ನ ಅಲಾಸಿ ಅಕ್ಕನಿಗೆ ಕೊಟ್ಳು.

ಅಕ್ಕ ಮೀನು ನೋಡಿದ್ಳು. ಬಾಯಿ ತೆರೆದ್ಳು. "ಇಕಾಲುಕ್!" ಅಂದ್ಳು.

ಮೀನಿಗೆ ಅವರ ಮಾತಲ್ಲಿ ಹಾಗೇ ಅಂತಾರೆ. ಈ ಸಲ ಯಾರೂ ಹೇಳಿಕೊಡಲಿಲ್ಲ, ಅಕ್ಕನಿಗೆ ತಾನೇ ನೆನಪಾಯ್ತು.

ಸಿಯಾಸಿ ಕೈ ಬೆಚ್ಚಗಾಯ್ತು. ನಿಮ್ಮ ಹೊಟ್ಟೆ ತಣ್ಣಗಿರಲಿ!